ಮೋಟು ಕೋವಿಯ ಮೇಲೆ ಕಾನೂನಿಗೇಕೆ ಕಣ್ಣು?

(ಕಾನೂನು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಂದು ಬಿಟ್ಟುಹೋದ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಗೆಳೆಯರೇ,

ಚುನಾವಣೆ ಘೋಷಣೆಯಾದ ಕೂಡಲೇ ನಮ್ಮ ಮಲೆನಾಡಿನ ಪೊಲೀಸ್ ಠಾಣೆಗಳ ಮುಂದೆ ಕೋವಿ ಹೊತ್ತ ರೈತರ ಸಾಲು ನಿಲ್ಲುತ್ತದೆ. ಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಲೈಸೆನ್ಸ್ ಪಡೆದವರು ಅವರು. ಕೋವಿಯನ್ನು ಠಾಣೆಯಲ್ಲಿ ಜಮೆ ಮಾಡಿ, ರಸೀದಿ ಪಡೆದು, ಮತ ಎಣಿಕೆಯೆಲ್ಲ ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರುತ್ತಾರೆ. ನಮ್ಮಜ್ಜ ಹೀಗೆ ಹೊರಟಾಗ ಚಿಕ್ಕವನಾಗಿದ್ದ ನಾನೂ ಜೊತೆಗೆ ಹೋಗುತ್ತಿದ್ದೆ. ಅವರದು ಜೋಡಿ ನಳಿಗೆಯ ಕೋವಿ. ನಳಿಗೆಯೊಂದೇ ಎರಡೂವರೆ ಅಡಿ. ಗೋಣಿತಾಟು ಸುತ್ತಿ ಸುತಳಿ ಬಿಗಿದಿದ್ದರೂ ಅದು ಕೋವಿಯೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಬಸ್ಸು ಹತ್ತಿದರೆ ಜನ ಸರಿದು ಜಾಗ ಬಿಡುತ್ತಿದ್ದರು. ‘ಏನು ಅಯ್ಯಾ, ಕೋವಿ ಜಮೆಗೋ?’ ಎಂದು ಕಂಡಕ್ಟರ್ ಕೇಳುತ್ತಿದ್ದ. ಮನೆಯಿಂದ ಠಾಣೆಯವರೆಗೆ ಕನಿಷ್ಠ ನೂರು ಕಣ್ಣುಗಳಾದರೂ ಆ ಕೋವಿಯನ್ನು ನೋಡಿರುತ್ತಿದ್ದವು.

ನಾನು ಈವತ್ತು ಹೇಳಬೇಕಾದ ಕಾನೂನು ಹುಟ್ಟಿದ್ದು ಅಮೆರಿಕದಲ್ಲಿ. ಅದನ್ನು ಓದುವಾಗಲೆಲ್ಲ ನನಗೆ ಆ ಬಸ್ಸು ನೆನಪಾಗುತ್ತದೆ. ಎರಡೂವರೆ ಅಡಿಯ ನಳಿಗೆ ತಾನಾಗಿಯೇ ಕಾಣುತ್ತದೆ. ಕಾಣುವುದರಿಂದಲೇ ಸುತ್ತಲಿನವರು ಎಚ್ಚರವಾಗಿರುತ್ತಾರೆ. ಅದನ್ನೇ ಒಂದಡಿಗೆ ಇಳಿಸಿದರೆ ಕೋಟಿನೊಳಗೆ, ಕಂಬಳಿಯ ಮಡಿಕೆಯೊಳಗೆ ಸೇರಿಬಿಡುತ್ತದೆ. ತೋಟೆ ಹಳೆಯದೇ, ಅದರೊಳಗಿನ ಸಣ್ಣ ಗುಂಡುಗಳು, ಎಂದರೆ ಚರೆ, ಹಳೆಯದೇ, ಹೊಡೆತವೂ ಹೆಚ್ಚುಕಡಿಮೆ ಹಳೆಯದೇ. ನೂರು ಕಣ್ಣುಗಳಿಗೆ ಮಾತ್ರ ಅದು ಕಾಣದಾಗುತ್ತದೆ.

ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಚರೆ ಕೋವಿಯ, ಎಂದರೆ ಷಾಟ್‌ಗನ್ನಿನ, ನಳಿಗೆ 18 ಇಂಚಿಗಿಂತ ಕಡಿಮೆ ಇರಬಾರದು. ರೈಫಲ್ಲಿಗೆ 16 ಇಂಚು. ಇವುಗಳನ್ನು ಮಾರ್ಪಡಿಸಿ ಮಾಡಿದ ಆಯುಧದ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆಯಾಗಬಾರದು. ಕಡಿಮೆಯಾದರೆ ಆ ಕೋವಿ ಮಷಿನ್‌ಗನ್ನಿರುವ ಕಟ್ಟುನಿಟ್ಟಿನ ಪಟ್ಟಿಗೆ ಸೇರುತ್ತದೆ. ಸರ್ಕಾರದಲ್ಲಿ ನೋಂದಾಯಿಸದೆ ಇಟ್ಟುಕೊಂಡರೆ ಹತ್ತು ವರ್ಷದವರೆಗೆ ಸೆರೆವಾಸ.

ಉದ್ದವನ್ನು ಹೇಗೆ ಅಳೆಯುತ್ತಾರೆ ಎಂಬುದನ್ನೂ ಹೇಳಬೇಕು. ಕೋವಿ ಖಾಲಿಯಿದೆಯೆಂದು ಖಚಿತ ಮಾಡಿಕೊಂಡು, ನಳಿಗೆಯ ಹಿಂಬದಿಗೆ ಮುಚ್ಚಳವಾಗುವ ಬೋಲ್ಟನ್ನು ಮುಚ್ಚುತ್ತಾರೆ. ನಳಿಗೆಯ ಬಾಯಿಯಿಂದ ಒಂದು ಕಡ್ಡಿಯನ್ನು ಒಳಗೆ ಇಳಿಸುತ್ತಾರೆ. ಅದು ಹೋಗಿ ಬೋಲ್ಟಿನ ಮುಖಕ್ಕೆ ತಾಗಿ ನಿಲ್ಲುತ್ತದೆ. ನಳಿಗೆಯ ಅಂಚಿಗೆ ಸರಿಯಾಗಿ ಕಡ್ಡಿಯ ಮೇಲೆ ಗೀಟು ಹಾಕಿ, ಹೊರಗೆಳೆದು, ಟೇಪು ಹಿಡಿಯುತ್ತಾರೆ. ಬಾವಿಗೆ ಹಗ್ಗ ಇಳಿಸಿ ಆಳ ನೋಡುವ ಹಾಗೆ. ಆ ಗೀಟು 18 ಇಂಚಿಗಿಂತ ಒಂದು ನೂಲು ಕೆಳಗೆ ಬಿದ್ದರೂ ಕೋವಿಯ ಜಾತಿ ಬದಲಾಗುತ್ತದೆ, ಹಿಡಿದವನ ಹಣೆಬರಹವೂ ಬದಲಾಗಬಹುದು. ಒಂದು ನೂಲಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಗೆರೆಯನ್ನು ಎಲ್ಲಿ ಎಳೆದರೂ ಅದರ ಆಚೆಈಚೆ ಕೂದಲೆಳೆಯ ಅಂತರದಲ್ಲಿ ಯಾರೋ ಒಬ್ಬರು ನಿಂತಿರುತ್ತಾರೆ. ಮತದಾನದ ವಯಸ್ಸಿಗೂ ಇದೇ ಮಾತು ಸಲ್ಲುತ್ತದೆ. ಆದ್ದರಿಂದ ಆ ತಕರಾರನ್ನು ನಾನು ಬೆಳೆಸುವುದಿಲ್ಲ. ಗೆರೆ ಯಾತಕ್ಕಾಗಿ ಬೇಕಾಯಿತು ಎಂಬುದನ್ನು ನೋಡೋಣ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ನಳಿಗೆ ಕತ್ತರಿಸಿದ ಕೋವಿಯಿಂದ ಚರೆಗಳು ಕೋಣೆಯ ತುಂಬ ಚೆಲ್ಲಿ ಎದುರಿದ್ದವರೆಲ್ಲ ಉರುಳುತ್ತಾರೆ ಎಂದು ಸಿನಿಮಾ ನೋಡಿದವರು ನಂಬಿರುತ್ತಾರೆ. ಚರೆಯ ಹರಡುವಿಕೆಗೆ ಉದ್ದಕ್ಕಿಂತ ದೊಡ್ಡ ಕಾರಣ ನಳಿಗೆಯ ತುದಿಯಲ್ಲಿರುವ ಬಿಗಿತ, ಕೋವಿ ಬಲ್ಲವರು ಚೋಕ್ ಎನ್ನುವುದು. ತುದಿ ಕತ್ತರಿಸಿದಾಗ ಆ ಬಿಗಿತವೂ ಹೋಗುವುದರಿಂದ ಚರೆ ಸ್ವಲ್ಪ ಬೇಗ ಅಗಲವಾಗುತ್ತದೆ, ನಿಜ. ಆದರೂ ಹತ್ತಡಿ ದೂರದ ಗೋಡೆಯ ಮೇಲೆ ಅದು ಒಂದು ಅಂಗೈ ಅಗಲವನ್ನು ಬಹಳ ಮೀರುವುದಿಲ್ಲ. ವೇಗ ತುಸು ಕುಗ್ಗುತ್ತದೆ. ಗುರಿ ಹಿಡಿಯುವುದು ಕಷ್ಟವಾಗುತ್ತದೆ. ಹಿಡಿಯನ್ನೂ ಕತ್ತರಿಸಿದ್ದರೆ ಈಡು ಹಾರಿಸಿದವನ ಮಣಿಕಟ್ಟೇ ನೋಯುತ್ತದೆ. ಬೇಟೆಗಾರನಿಗೆ ಕತ್ತರಿಸಿದ ಕೋವಿ ಹಾಳಾದ ಕೋವಿ.

ಹಾಗಿದ್ದ ಮೇಲೆ ಕೆಲಸಕ್ಕೆ ಬಾರದ ಹಾಗೆ ಮಾಡಿಕೊಂಡವನಿಗೆ ದಂಡನೆ ಏಕೆ? ನನ್ನ ಮಟ್ಟಿಗೆ ಕಾನೂನಿನ ತರ್ಕದ ಜೀವ ಇರುವುದು ಈ ಪ್ರಶ್ನೆಯಲ್ಲೇ. ದೂರದ ಗುರಿ, ನಿಖರತೆ, ಹೆಗಲಿಗೆ ಆನಿಸುವ ಅನುಕೂಲ, ಇವಿಷ್ಟನ್ನೂ ಕಳೆದುಕೊಂಡು ಒಬ್ಬ ಪಡೆಯುವುದು ಒಂದನ್ನೇ: ಬಚ್ಚಿಡುವ ಅನುಕೂಲ. ಇಷ್ಟು ಬೆಲೆ ತೆತ್ತು ಅದನ್ನೇ ಕೊಂಡವನಿಗೆ ಅದೇ ಬೇಕಾಗಿತ್ತು ಎಂದು ಶಾಸಕರು ಊಹಿಸಿದರು. ಸಿಸಿಲಿ ದ್ವೀಪದಲ್ಲಿ ಕತ್ತರಿಸಿದ ಚರೆ ಕೋವಿಗೆ ಲುಪಾರಾ ಎನ್ನುತ್ತಾರೆ, ತೋಳದ ಕೋವಿ ಎಂದು ಅರ್ಥ. ಹೆಸರು ಬಂದದ್ದು ತೋಳದ ಬೇಟೆಯಿಂದ. ಲೋಕಕ್ಕೆ ಅದರ ಗುರುತು ಉಳಿದದ್ದು ಮಾಫಿಯಾದ ಕೊಲೆಗಳಿಂದ. ಪಿಸ್ತೂಲನ್ನು ಅಡಗಿಸಬಹುದು, ಆದರೆ ಚರೆ ಕೋವಿಯ ಹೊಡೆತ ಅದಕ್ಕಿಲ್ಲ. ಉದ್ದ ಕೋವಿಗೆ ಆ ಹೊಡೆತವಿದೆ, ಅಡಗಿಸಲಾಗುವುದಿಲ್ಲ. ಮೋಟು ಕೋವಿಯಲ್ಲಿ ಈ ಎರಡೂ ಕೂಡಿವೆ.

ಇನ್ನು ಇತಿಹಾಸಕ್ಕೆ ಬರುತ್ತೇನೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಕಳ್ಳಭಟ್ಟಿಯ ಹಣದಿಂದ ಬೆಳೆದ ಗುಂಪುಗಳು ನಗರಗಳ ಬೀದಿಗಳಲ್ಲೇ ಕಾದಾಡಿದವು. 1929ರ ಫೆಬ್ರುವರಿ 14ರಂದು ಶಿಕಾಗೋದ ಒಂದು ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಮಷಿನ್‌ಗನ್ನು ಮತ್ತು ಚರೆ ಕೋವಿಗಳಿಂದ ಕೊಂದರು. 1933ರ ಫೆಬ್ರುವರಿಯಲ್ಲಿ ಮಯಾಮಿಯಲ್ಲಿ, ಅಧ್ಯಕ್ಷರಾಗಿ ಆಯ್ಕೆಯಾಗಿ ಇನ್ನೂ ಅಧಿಕಾರ ವಹಿಸಿಕೊಳ್ಳದ ರೂಸ್‌ವೆಲ್ಟರ ಮೇಲೆ ಒಬ್ಬ ರಿವಾಲ್ವರ್ ಹಾರಿಸಿದ. ಗುಂಡು ಶಿಕಾಗೋದ ಮೇಯರ್ ಸೆರ್ಮಾಕ್ ಅವರಿಗೆ ತಗುಲಿ ಅವರು ತೀರಿಕೊಂಡರು. ಬ್ಯಾಂಕ್ ದರೋಡೆಕೋರರು ಕಾರು ಹತ್ತಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟಿದರೆ ಬೆನ್ನಟ್ಟುವ ಸ್ಥಳೀಯ ಪೊಲೀಸರು ಗಡಿಯಲ್ಲೇ ನಿಲ್ಲಬೇಕಾಗುತ್ತಿತ್ತು. ಅಂಥ ದರೋಡೆಕೋರ ಕ್ಲೈಡ್ ಬ್ಯಾರೋ ತನ್ನ ಕೋವಿಗಳನ್ನು ಕಾರಿನೊಳಗೆ ಸುಲಭವಾಗಿ ತಿರುಗಿಸಲು ಮೋಟು ಮಾಡಿಕೊಂಡಿದ್ದ. 1934ರ ಮೇ 23ರಂದು ಲೂಸಿಯಾನಾದ ರಸ್ತೆಯೊಂದರಲ್ಲಿ ಪೊಲೀಸರು ಅವನನ್ನೂ ಅವನ ಜೊತೆಗಾತಿ ಬಾನಿ ಪಾರ್ಕರಳನ್ನೂ ಹೊಡೆದುರುಳಿಸಿದರು. ತಿಂಗಳು ಕಳೆದು ಜೂನ್ 26ರಂದು ರಾಷ್ಟ್ರೀಯ ಬಂದೂಕು ಕಾಯ್ದೆಗೆ ರೂಸ್‌ವೆಲ್ಟರ ಸಹಿ ಬಿತ್ತು.

ಆ ಮಸೂದೆಯ ಮೊದಲ ಕರಡನ್ನು ನೀವೆಲ್ಲ ಓದಬೇಕು. ಅಟಾರ್ನಿ ಜನರಲ್ ಹೋಮರ್ ಕಮಿಂಗ್ಸ್ ಅವರ ಇಲಾಖೆ ಸಂಸತ್ತಿನ ಮುಂದಿಟ್ಟ ಕರಡು ಅದು. ಅದರಲ್ಲಿ ‘ಬಂದೂಕು’ ಎಂಬ ಪದದ ವ್ಯಾಖ್ಯೆ ಶುರುವಾಗುವುದೇ ಪಿಸ್ತೂಲು ಮತ್ತು ರಿವಾಲ್ವರಿನಿಂದ. ಆಮೇಲೆ 16 ಇಂಚಿಗಿಂತ ಮೋಟಾದ ನಳಿಗೆಯ ಚರೆ ಕೋವಿ, ಮೈಮೇಲೆ ಅಡಗಿಸಿಕೊಳ್ಳಬಹುದಾದ ಇತರ ಯಾವುದೇ ಬಂದೂಕು, ಸದ್ದಡಗಿಸುವ ಸಾಧನ, ಮಷಿನ್‌ಗನ್ನು. ತರ್ಕ ಎಷ್ಟು ಸ್ಪಷ್ಟವಾಗಿದೆ ನೋಡಿ. ಅಪರಾಧಿ ಮೊದಲು ಹುಡುಕುವುದು ಪಿಸ್ತೂಲನ್ನು. ಅದಕ್ಕೆ ಬೇಲಿ ಹಾಕಿದರೆ ಅವನು ಮನೆಯಲ್ಲಿರುವ ಉದ್ದ ಕೋವಿಗೆ ಗರಗಸ ಹಿಡಿದು ತನ್ನದೇ ಪಿಸ್ತೂಲು ಮಾಡಿಕೊಳ್ಳುತ್ತಾನೆ. ಆ ದಾರಿಯನ್ನೂ ಮುಚ್ಚಬೇಕು. ಉದ್ದದ ನಿಯಮ ಪಿಸ್ತೂಲಿನ ನಿಯಮಕ್ಕೆ ಕಾವಲಾಗಿ ಬಂದದ್ದು. ತೋಟಕ್ಕೆ ಬೇಲಿ ಹಾಕಿದವನು ದಾರಿಗೆ ಅಡ್ಡವಾಗಿ ದಣಪೆಯನ್ನೂ ಹಾಕಿದ ಹಾಗೆ.

ಮುಂದೆ ನಡೆದದ್ದೇ ಬೇರೆ. ಪಿಸ್ತೂಲನ್ನು ಸೇರಿಸುವುದಕ್ಕೆ ಬಂದೂಕು ಹೊಂದಿದವರ ಸಂಘವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಸೇರಿದಂತೆ ಹಲವರಿಂದ ವಿರೋಧ ಬಂತು. ಮನೆಯ ರಕ್ಷಣೆಗೆ ಪಿಸ್ತೂಲು ಇಟ್ಟುಕೊಂಡ ಸಾಮಾನ್ಯನನ್ನು ದರೋಡೆಕೋರನಂತೆ ಕಾಣಬೇಡಿ ಎಂಬುದು ಅವರ ವಾದ. ಪಿಸ್ತೂಲು ಮತ್ತು ರಿವಾಲ್ವರನ್ನು ಪಟ್ಟಿಯಿಂದ ತೆಗೆದರು. ಚರ್ಚೆಯ ನಡುವೆ ರೈಫಲ್ಲೂ ಪಟ್ಟಿಗೆ ಸೇರಿ, ಚರೆ ಕೋವಿಗೂ ರೈಫಲ್ಲಿಗೂ 18 ಇಂಚಿನ ಗೆರೆ ಬಿತ್ತು. ರೈಫಲ್ಲಿನ ಗೆರೆ ಮುಂದೆ 1960ರಲ್ಲಿ 16 ಇಂಚಿಗೆ ಇಳಿಯಿತು. ತೋಟದ ಬೇಲಿ ಕಿತ್ತರು, ದಣಪೆಯನ್ನು ಹಾಗೆಯೇ ಬಿಟ್ಟರು. ಇಂದಿಗೂ ಅಲ್ಲಿ ಬಹಳಷ್ಟು ರಾಜ್ಯಗಳಲ್ಲಿ ವಯಸ್ಕ ಪ್ರಜೆಯೊಬ್ಬ ಅಂಗಡಿಗೆ ಹೋಗಿ, ಹಿನ್ನೆಲೆ ಪರಿಶೀಲನೆ ಮುಗಿಸಿಕೊಂಡು, ನಾಲ್ಕು ಇಂಚು ನಳಿಗೆಯ ಪಿಸ್ತೂಲು ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು. ಹದಿನೈದು ಇಂಚು ನಳಿಗೆಯ ರೈಫಲ್ ಬೇಕೆಂದರೆ ಬೆರಳಚ್ಚು, ಭಾವಚಿತ್ರ, ನೋಂದಣಿ, ಅನುಮತಿಗಾಗಿ ಕಾಯುವಿಕೆ. ಆ ದೇಶದಲ್ಲಿ ಬಂದೂಕಿನಿಂದ ಆಗುವ ಕೊಲೆಗಳಲ್ಲಿ ಬಹುಪಾಲು ಕೈಬಂದೂಕಿನಿಂದಲೇ ಆಗುತ್ತವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೋಟು ಕೋವಿಯ ನಿಯಮಕ್ಕೆ ಅರ್ಥವೇ ಇಲ್ಲ ಎನ್ನುವವರ ಅತ್ಯಂತ ಗಟ್ಟಿಯಾದ ವಾದ ಇದು. ಇದನ್ನು ಹಗುರವಾಗಿ ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ.

ಆದರೆ ಈ ವಾದದಿಂದ ಸಿಗುವ ತೀರ್ಮಾನ ಒಂದೇ ಅಲ್ಲ. ದಣಪೆ ಒಂದೇ ಉಳಿದಿದ್ದರೆ ಅದನ್ನೂ ಕಿತ್ತುಹಾಕಿ ಎನ್ನಬಹುದು, ಬೇಲಿಯನ್ನು ಮತ್ತೆ ಕಟ್ಟಿ ಎಂದೂ ಹೇಳಬಹುದು. ನಾನು ಎರಡನೆಯ ಪಕ್ಷದವನು. 1934ರ ಮೊದಲ ಕರಡೇ ಸರಿಯಾಗಿತ್ತು ಎಂದು ನಂಬುತ್ತೇನೆ.

ಈ ಕಾಯ್ದೆ ಮೋಟು ಕೋವಿಯನ್ನು ನಿಷೇಧಿಸಲಿಲ್ಲ ಎಂಬುದೂ ಗಮನಿಸಬೇಕಾದ ಸಂಗತಿ. ಅದು ತೆರಿಗೆ ಹಾಕಿತು. ಒಂದು ಆಯುಧ ಕೈ ಬದಲಾಯಿಸಿದರೆ 200 ಡಾಲರ್. ಆ ಕಾಲಕ್ಕೆ ಅದು ಒಂದು ಥಾಂಪ್ಸನ್ ಮಷಿನ್‌ಗನ್ನಿನ ಬೆಲೆಯ ಆಸುಪಾಸಿನ ಮೊತ್ತ. ತೆರಿಗೆಯೇ ಏಕೆಂದರೆ, ಅಪರಾಧ ತಡೆಯುವ ಸಾಮಾನ್ಯ ಅಧಿಕಾರ ಅಲ್ಲಿನ ಸಂವಿಧಾನದ ಪ್ರಕಾರ ರಾಜ್ಯಗಳದ್ದು. ತೆರಿಗೆ ಹಾಕುವ ಅಧಿಕಾರವಾದರೋ ಒಕ್ಕೂಟ ಸರ್ಕಾರದ ಕೈಯಲ್ಲಿತ್ತು. 1937ರಲ್ಲಿ ಸೊನ್ಜಿನ್ಸ್ಕಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿತು. ತೆರಿಗೆಯ ಬೆನ್ನಿಗೆ ನಿಯಂತ್ರಣದ ಉದ್ದೇಶ ಇದ್ದರೂ ತೆರಿಗೆ ತೆರಿಗೆಯೇ ಎಂದು ಹೇಳಿತು.

ಈಗ ಎರಡು ಪ್ರಕರಣಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ.

1938ರ ಏಪ್ರಿಲಿನಲ್ಲಿ ಜಾಕ್ ಮಿಲ್ಲರ್ ಮತ್ತು ಫ್ರಾಂಕ್ ಲೇಟನ್ ಎಂಬ ಇಬ್ಬರು ಓಕ್ಲಹೋಮದ ಕ್ಲೇರ್‌ಮೋರ್‌ನಿಂದ ಆರ್ಕನ್ಸಾದ ಸೈಲೋಮ್ ಸ್ಪ್ರಿಂಗ್ಸಿಗೆ ಬಂದಾಗ ಸಿಕ್ಕಿಬಿದ್ದರು. ಅವರ ಬಳಿ 12 ಬೋರಿನ, ಜೋಡಿ ನಳಿಗೆಯ, ಸ್ಟೀವನ್ಸ್ ಕಂಪನಿಯ ಕೋವಿಯಿತ್ತು. ನಳಿಗೆ 18 ಇಂಚಿಗಿಂತ ಕಡಿಮೆ, ನೋಂದಣಿ ಇಲ್ಲ. ಜಿಲ್ಲಾ ನ್ಯಾಯಾಧೀಶರು ಈ ಕಾಯ್ದೆ, ನಾಗರಿಕ ಪಡೆಯ ಅಗತ್ಯವನ್ನು ಹೆಸರಿಸಿ ಸಂವಿಧಾನದ ಎರಡನೆಯ ತಿದ್ದುಪಡಿ ಕೊಡುವ ಶಸ್ತ್ರ ಹೊಂದುವ ಹಕ್ಕಿಗೆ ವಿರುದ್ಧವೆಂದು ಹೇಳಿ ಪ್ರಕರಣವನ್ನು ವಜಾ ಮಾಡಿದರು. ಸರ್ಕಾರ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಆರೋಪಿಗಳ ಪರವಾಗಿ ವಕೀಲರು ಬರಲಿಲ್ಲ, ಲಿಖಿತ ವಾದವನ್ನೂ ಸಲ್ಲಿಸಲಿಲ್ಲ. ತೀರ್ಪು ಬರುವ ಮೊದಲೇ ಮಿಲ್ಲರ್ ಯಾರದೋ ಗುಂಡಿಗೆ ಬಲಿಯಾಗಿದ್ದ. 1939ರ ಮೇ 15ರಂದು ನ್ಯಾಯಮೂರ್ತಿ ಮೆಕ್‌ರೆನಾಲ್ಡ್ಸ್ ಬರೆದ ತೀರ್ಪಿನ ಸಾರ ಇಷ್ಟು: 18 ಇಂಚಿಗಿಂತ ಮೋಟಾದ ಚರೆ ಕೋವಿಗೂ ನಾಗರಿಕ ಪಡೆಯ ಸುವ್ಯವಸ್ಥೆಗೂ ತಕ್ಕ ಸಂಬಂಧವಿದೆ ಎಂದು ತೋರಿಸುವ ಪುರಾವೆ ನಮ್ಮ ಮುಂದಿಲ್ಲ, ಆದ್ದರಿಂದ ಸಂವಿಧಾನ ಅದನ್ನು ಕಾಯುತ್ತದೆ ಎಂದು ಹೇಳಲಾರೆವು.

ಪುರಾವೆ ತರಬೇಕಾದವರು ನ್ಯಾಯಾಲಯದಲ್ಲಿ ಇರಲೇ ಇಲ್ಲ. ಒಂದು ಕಡೆಯ ಕುರ್ಚಿ ಖಾಲಿಯಿದ್ದಾಗ ಬಂದ ತೀರ್ಪು ಎಪ್ಪತ್ತು ವರ್ಷ ಆ ದೇಶದ ಬಂದೂಕು ಕಾನೂನಿಗೆ ಆಧಾರವಾಗಿ ನಿಂತಿತು. ನಾನು ನಿಯಂತ್ರಣದ ಪರವಿರುವವನು. ಆದರೂ ವಕೀಲನಾಗಿ ಆ ಖಾಲಿ ಕುರ್ಚಿಯನ್ನು ನೆನೆದರೆ ನನಗೆ ಸಮಾಧಾನವಿಲ್ಲ. ಅದೇ ಸುಪ್ರೀಂ ಕೋರ್ಟಿನ 2008ರ ಹೆಲರ್ ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ಮಿಲ್ಲರ್ ತೀರ್ಪನ್ನು ಬೇರೆ ರೀತಿಯಲ್ಲಿ ಓದಿದರು. ಕಾನೂನಿಗೆ ಬದ್ಧರಾದ ನಾಗರಿಕರು ಸಕ್ರಮ ಉದ್ದೇಶಗಳಿಗೆ ಸಾಮಾನ್ಯವಾಗಿ ಹೊಂದಿರದ ಆಯುಧಕ್ಕೆ ಹಕ್ಕಿನ ರಕ್ಷಣೆ ಇಲ್ಲ, ಮೋಟು ಚರೆ ಕೋವಿ ಅಂಥದ್ದು ಎಂದರು. ಇಲ್ಲೊಂದು ಸುತ್ತುವಾದವಿದೆ. 1934ರಿಂದ ಕಾನೂನೇ ತಡೆದು ನಿಲ್ಲಿಸಿದ ಆಯುಧ ಜನಸಾಮಾನ್ಯರಲ್ಲಿ ಬಳಕೆಗೆ ಬಂದೀತಾದರೂ ಹೇಗೆ? ಪರೀಕ್ಷೆಗೆ ಈ ಪ್ರಶ್ನೆ ಬಂದರೆ ನನ್ನ ವಿದ್ಯಾರ್ಥಿಗಳು ಎರಡೂ ಬದಿಯನ್ನು ಬರೆಯಬೇಕೆಂದು ಬಯಸುತ್ತೇನೆ.

ಎರಡನೆಯದು 1968ರ ಹೇನ್ಸ್ ಪ್ರಕರಣ. ಹೇನ್ಸ್ ಬಳಿ ನೋಂದಣಿಯಿಲ್ಲದ ಮೋಟು ಚರೆ ಕೋವಿ ಸಿಕ್ಕಿತ್ತು. ಅವನ ವಾದ ಮೊದಲು ಕೇಳಿದಾಗ ಉದ್ಧಟತನವೆನ್ನಿಸುತ್ತದೆ, ಎರಡನೆಯ ಸಲ ಕೇಳಿದರೆ ಉತ್ತರ ತೋಚುವುದಿಲ್ಲ. ನೋಂದಣಿ ಮಾಡಿಸಲು ಹೋದರೆ ಅಕ್ರಮವಾಗಿ ಪಡೆದಿದ್ದೇನೆಂದು ನಾನೇ ಬರೆದುಕೊಟ್ಟ ಹಾಗಾಗುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಎಂದು ಸಂವಿಧಾನದ ಐದನೆಯ ತಿದ್ದುಪಡಿ ಹೇಳುತ್ತದಲ್ಲ? ಸುಪ್ರೀಂ ಕೋರ್ಟು ಅವನ ಮಾತನ್ನು ಒಪ್ಪಿತು. ನೋಂದಣಿ ಮಾಡಿಸದ ತಪ್ಪಿಗೆ ಅಂಥವರನ್ನು ಶಿಕ್ಷಿಸುವುದು ಕಷ್ಟವಾಯಿತು. ಯಾರನ್ನು ಹಿಡಿಯಲು ಬಲೆ ಹೆಣೆದರೋ ಅವರೇ ಅದರೊಳಗಿಂದ ನುಸುಳಿ ಹೋದರು. ಅದೇ ವರ್ಷ ಸಂಸತ್ತು ಕಾಯ್ದೆಯನ್ನು ತಿದ್ದಿ, ನೋಂದಣಿಯಲ್ಲಿ ಸಿಕ್ಕ ಮಾಹಿತಿಯನ್ನು ಅದಕ್ಕೂ ಹಿಂದಿನ ತಪ್ಪಿಗೆ ಸಾಕ್ಷಿಯಾಗಿ ಬಳಸದಂತೆ ಮಾಡಿತು. ನಿಯಂತ್ರಣ ಬೇಕೆನ್ನುವ ನನ್ನಂಥವರು ಹೇನ್ಸ್‌ನ ಪ್ರಕರಣವನ್ನು ಮರೆಯಬಾರದು. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಹೆಣಿಗೆ ಸಡಿಲವಿದ್ದರೆ ಬಲೆ ಬಲೆಯಲ್ಲ.

ಇಂಚುಗಳ ಲೆಕ್ಕ ಪ್ರಾಣಕ್ಕೂ ಎರವಾಗಿದೆ. ಐಡಾಹೋದ ರೂಬಿ ರಿಡ್ಜಿನಲ್ಲಿ 1992ರ ಆಗಸ್ಟಿನಲ್ಲಿ ನಡೆದ ಮುತ್ತಿಗೆಯ ಮೂಲದಲ್ಲಿದ್ದದ್ದು ಎರಡು ಕತ್ತರಿಸಿದ ಚರೆ ಕೋವಿಗಳು. ರ‍್ಯಾಂಡಿ ವೀವರ್ ಅವುಗಳನ್ನು ಸರ್ಕಾರದ ಮಾಹಿತಿದಾರನೊಬ್ಬನಿಗೆ ಮಾರಿದ ಎಂಬುದು ಆರೋಪ. ಅವನು ನ್ಯಾಯಾಲಯಕ್ಕೆ ಹಾಜರಾಗಲಿಲ್ಲ. ಮುತ್ತಿಗೆಯಲ್ಲಿ ಅವನ ಹೆಂಡತಿ, ಹದಿನಾಲ್ಕು ವರ್ಷದ ಮಗ, ಒಬ್ಬ ಮಾರ್ಷಲ್ ಅಧಿಕಾರಿ ಸತ್ತರು. ಮರುವರ್ಷ ಜ್ಯೂರಿ ಕೋವಿ ಮಾರಾಟದ ಆರೋಪದಿಂದ ಅವನನ್ನು ಬಿಡುಗಡೆ ಮಾಡಿತು. ಕಾನೂನು ಜಾರಿಮಾಡುವ ಕೈ ಅಳತೆ ತಪ್ಪಿದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಈ ಮೂರು ಸಾವುಗಳನ್ನು ತೋರಿಸುತ್ತೇನೆ.

ಈಚಿನ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಗವಿಕಲರು ಒಂದೇ ಕೈಯಲ್ಲಿ ಹಿಡಿಯಲು ಅನುಕೂಲವಾಗಲೆಂದು ಪಿಸ್ತೂಲಿನ ಹಿಂಬದಿಗೆ ತೋಳುಪಟ್ಟಿ ಜೋಡಿಸುವ ಸಾಧನ ಬಂತು. ಅದನ್ನೇ ಹೆಗಲಿಗೆ ಆನಿಸಿದರೆ ಪಿಸ್ತೂಲು ಮೋಟು ರೈಫಲ್ ಆಗುತ್ತದೆಯೇ ಎಂದು ವರ್ಷಗಟ್ಟಲೆ ಜಗಳ ನಡೆಯಿತು. ಆಗುತ್ತದೆ ಎಂದು 2023ರಲ್ಲಿ ಸರ್ಕಾರ ನಿಯಮ ತಂದಿತು. 2024ರಲ್ಲಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಪಿಸ್ತೂಲು ಗೆರೆಯ ಹೊರಗೆ, ಮೋಟು ರೈಫಲ್ ಒಳಗೆ ಎಂದು 1934ರಲ್ಲಿ ಮಾಡಿದ ವಿಂಗಡಣೆಗೆ ಬುಡವಿಲ್ಲದ್ದರಿಂದಲೇ ಈ ಜಗಳ ಹುಟ್ಟಿತು. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ಮೋಟು ಕೋವಿಗಳ ಮೇಲಿನ 200 ಡಾಲರ್ ತೆರಿಗೆಯನ್ನು ಸೊನ್ನೆಗೆ ಇಳಿಸಿತು. 2026ರ ಜನವರಿ 1ರಿಂದ ಅದು ಜಾರಿಗೆ ಬರುವಂತೆ ಮಾಡಿತು. ನೋಂದಣಿ ಮಾತ್ರ ಉಳಿಯಿತು. ತೆರಿಗೆಯ ಅಧಿಕಾರದ ಮೇಲೆ ನಿಂತ ಕಾಯ್ದೆಯಲ್ಲಿ ತೆರಿಗೆಯೇ ಸೊನ್ನೆಯಾದರೆ ನೋಂದಣಿ ಯಾವ ಅಧಿಕಾರದ ಮೇಲೆ ನಿಲ್ಲಬೇಕು ಎಂಬ ಪ್ರಶ್ನೆ ನ್ಯಾಯಾಲಯಗಳ ಮೆಟ್ಟಿಲೇರಿದೆ.

ಬ್ರಿಟನ್ನಿನಲ್ಲಿ ಈ ಗೊಂದಲ ಇಲ್ಲ. ಅಲ್ಲಿ 1968ರ ಕಾಯ್ದೆ ಚರೆ ಕೋವಿಯ ನಳಿಗೆಯನ್ನು 24 ಇಂಚಿಗಿಂತ ಕಡಿಮೆ ಮಾಡುವುದನ್ನೇ ಅಪರಾಧವೆನ್ನುತ್ತದೆ. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ಹದಿನಾರು ಮಕ್ಕಳು ಮತ್ತು ಒಬ್ಬ ಶಿಕ್ಷಕಿ ಕೊಲೆಯಾದ ಮೇಲೆ ಆ ದೇಶ ಕೈಬಂದೂಕುಗಳನ್ನೇ ನಿಷೇಧಿಸಿತು. ನಿಷೇಧದ ಭಾಷೆ ಹೇಗಿದೆ ಗೊತ್ತೇ? ನಳಿಗೆ 30 ಸೆಂಟಿಮೀಟರಿಗಿಂತ ಅಥವಾ ಒಟ್ಟು ಉದ್ದ 60 ಸೆಂಟಿಮೀಟರಿಗಿಂತ ಕಡಿಮೆಯಿರುವ ಬಂದೂಕು. ಕೈಬಂದೂಕು ಯಾವುದೆಂದು ಗುರುತಿಸಲು ಅವರು ಬಳಸಿದ ಅಳತೆಗೋಲೇ ಉದ್ದ. ಪಿಸ್ತೂಲು ಹುಟ್ಟಾ ಮೋಟು, ಕತ್ತರಿಸಿದ ಕೋವಿ ಆಮೇಲೆ ಮೋಟಾದದ್ದು. ಎರಡಕ್ಕೂ ಒಂದೇ ಕಾರಣ, ಒಂದೇ ಗೆರೆ. ಕೆನಡಾದವರು ಇನ್ನೊಂದು ದಾರಿ ಹಿಡಿದರು. ಉದ್ದ ಕೋವಿಯನ್ನು ಗರಗಸದಿಂದಲೋ ಬೇರೆ ರೀತಿಯಲ್ಲೋ ಮಾರ್ಪಡಿಸಿ ನಳಿಗೆಯನ್ನು 457 ಮಿಲಿಮೀಟರಿಗಿಂತ ಅಥವಾ ಒಟ್ಟು ಉದ್ದವನ್ನು 660 ಮಿಲಿಮೀಟರಿಗಿಂತ ಕಡಿಮೆ ಮಾಡಿದರೆ ಅದು ನಿಷಿದ್ಧ ಆಯುಧ. ಇಂಚಿನಲ್ಲಿ ಹೇಳಿದರೆ ಅದೇ 18, ಅದೇ 26.

ನಮ್ಮಲ್ಲಿ? 1959ರ ಶಸ್ತ್ರಾಸ್ತ್ರ ಕಾಯ್ದೆಯ ಎರಡು ಕಲಮುಗಳನ್ನು ಒಟ್ಟಿಗೆ ಓದಬೇಕು. 13ನೆಯ ಕಲಮು ಲೈಸೆನ್ಸ್ ಕೊಡುವ ಬಗೆಯನ್ನು ಹೇಳುತ್ತದೆ. ರಕ್ಷಣೆಗೋ ಕ್ರೀಡೆಗೋ ಒಬ್ಬ ನಾಗರಿಕ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಮೈ ನುಣುಪಾದ ಕೋವಿ ಕೇಳಿದರೆ, ಅಥವಾ ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಕೋವಿ ಕೇಳಿದರೆ, ನಿರಾಕರಿಸಲು ಕಾನೂನಿನಲ್ಲೇ ಹೇಳಿದ ಕಾರಣ ಇಲ್ಲದಿದ್ದಲ್ಲಿ ಅಧಿಕಾರಿ ಲೈಸೆನ್ಸ್ ಕೊಡತಕ್ಕದ್ದು. ನಮ್ಮ ಕಡೆ ಕೇಪಿನ ಕೋವಿ ಎನ್ನುವುದು ಈ ಮದ್ದು ತುಂಬುವ ಕೋವಿಯನ್ನೇ. ಸಾಮಾನ್ಯವಾಗಿ ಬೇರೆ ಬಂದೂಕು ಬೇಕಾದವನು ತನಗೆ ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಪಿಸ್ತೂಲು, ರಿವಾಲ್ವರುಗಳು ಬೀಳುವುದು ಈ ಎರಡನೆಯ ಗುಂಪಿಗೆ. 20 ಇಂಚೆಂಬುದು ಇಲ್ಲಿ ಹೊಸಿಲು. ಕಣ್ಣಿಗೆ ಕಾಣುವ ಉದ್ದ ಕೋವಿಗೆ ಒಂದು ಬಗೆಯ ನಂಬಿಕೆ, ಮೈಮೇಲೆ ಮರೆಯಾಗುವುದಕ್ಕೆ ಹೆಚ್ಚಿನ ಪರೀಕ್ಷೆ. ಅಮೆರಿಕದವರು 1934ರಲ್ಲಿ ಶುರುಮಾಡಿ ಅರ್ಧಕ್ಕೆ ಬಿಟ್ಟ ತರ್ಕ ನಮ್ಮ ಕಾಯ್ದೆಯಲ್ಲಿ ಇಡಿಯಾಗಿ ಇದೆ.

6ನೆಯ ಕಲಮು ಇನ್ನೂ ಖಂಡಿತವಾದದ್ದು. ಅದಕ್ಕಾಗಿಯೇ ಪಡೆದ ಲೈಸೆನ್ಸ್ ಇಲ್ಲದೆ ಯಾರೂ ಬಂದೂಕಿನ ನಳಿಗೆಯನ್ನು ಮೋಟು ಮಾಡಕೂಡದು. ಅಲ್ಲಿ ಇಂಚಿನ ಮಾತೇ ಇಲ್ಲ. 2019ರ ತಿದ್ದುಪಡಿಯ ನಂತರ ಇದಕ್ಕೆ ಶಿಕ್ಷೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಕತ್ತರಿಸುವ ಕೃತ್ಯವೇ ಅಪರಾಧ. ಉಳಿದ ನಳಿಗೆ ಎಷ್ಟು ಉದ್ದವಿದೆ ಎಂದು ಕಾನೂನು ಕೇಳುವುದಿಲ್ಲ. ಕಳ್ಳನಿಗೆ ಕಾನೂನಿನ ಭಯವೆಲ್ಲಿ, ಅವನು ಕತ್ತರಿಸಿಯೇ ಕತ್ತರಿಸುತ್ತಾನೆ ಎಂದು ಕೆಲವರು ಹೇಳುವುದುಂಟು. ಕತ್ತರಿಸಲಿ. ಕತ್ತರಿಸಿದ ಕೋವಿಯೇ ಅವನ ಮೇಲೆ ಸಾಕ್ಷಿಯಾಗುತ್ತದೆ. ಪೊಲೀಸರು ದರೋಡೆ ನಡೆಯುವವರೆಗೆ, ಹೆಣ ಬೀಳುವವರೆಗೆ ಕಾಯಬೇಕಾಗಿಲ್ಲ.

ಕೊಡಗಿನ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತು. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆಯುಧಗಳ ಹಬ್ಬವಾದ ಕೈಲ್ ಪೊಳ್ದ್‌ನಂದು ಅಲ್ಲಿನ ಮನೆಗಳಲ್ಲಿ ಕೋವಿಯನ್ನು ತೊಳೆದು ಒರೆಸಿ, ತೋಕ್ ಪೂ ಎಂಬ ಹೂ ಮುಡಿಸಿ, ಪೂಜೆಗೆ ಇಡುತ್ತಾರೆ. ಇಡೀ ಒಕ್ಕದ, ಎಂದರೆ ಮನೆತನದವರ ಎದುರಿಗೆ, ದೀಪದ ಬೆಳಕಿನಲ್ಲಿ ಇಟ್ಟ ಕೋವಿ ಅದು. ಯಾರ ಮನೆಯಲ್ಲಿ ಯಾವ ಕೋವಿ ಇದೆ ಎಂಬುದು ಅಲ್ಲಿ ಗುಟ್ಟಲ್ಲ. ಪತ್ರಿಕೆಗಳಲ್ಲಿ ಆಗಾಗ ಬರುವ ‘ನಾಡ ಪಿಸ್ತೂಲು ವಶ’ ಎಂಬ ಸುದ್ದಿಯನ್ನು ಇದರ ಪಕ್ಕದಲ್ಲಿಡಿ. ಗೇಣುದ್ದದ ಆ ವಸ್ತು ಅಂಗಿಯೊಳಗೇ ಹುಟ್ಟಿ ಅಂಗಿಯೊಳಗೇ ಬೆಳೆದದ್ದು. ಪೊಲೀಸರು ಮೇಜಿನ ಮೇಲೆ ಇಡುವವರೆಗೆ ಅದನ್ನು ಊರು ಕಂಡಿರುವುದಿಲ್ಲ.

ಮಾತು ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: ‘ಸರ್, ಮೂವತ್ತು ಇಂಚಿನ ನಳಿಗೆಯಲ್ಲಿ ಎರಡು ಇಂಚು ತೆಗೆದರೂ ಅಪರಾಧವೇ? ಅದರಿಂದ ಯಾರೂ ಏನನ್ನೂ ಅಡಗಿಸಲಾಗುವುದಿಲ್ಲವಲ್ಲ?’ ಅವಳಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಅಜ್ಜ ತೀರಿಕೊಂಡ ಮೇಲೆ ಕೋವಿ ಅಪ್ಪನ ಹೆಸರಿಗೆ ಬಂತು. ಒಂದು ಮಳೆಗಾಲದಲ್ಲಿ ಅದು ಅಟ್ಟದಿಂದ ಜಾರಿ ಅಂಗಳದ ಕಲ್ಲಿನ ಮೇಲೆ ಬಿದ್ದು, ಬಲ ನಳಿಗೆಯ ಬಾಯಿ ಒಳಕ್ಕೆ ತಗ್ಗಾಯಿತು. ಹಾಗೆಯೇ ಈಡು ಹಾರಿಸಿದರೆ ನಳಿಗೆ ಒಡೆದೀತು ಎಂದು ಕೋವಿ ರಿಪೇರಿಯವರು ಎಚ್ಚರಿಸಿದರು. ತುದಿಯ ಎರಡು ಇಂಚು ಕೊಯ್ದುಬಿಟ್ಟರೆ ಕೋವಿ ಮತ್ತೆ ಉಪಯೋಗಕ್ಕೆ ಬರುತ್ತದೆ, ಇಪ್ಪತ್ತೆಂಟು ಇಂಚು ಉಳಿಯುತ್ತದೆ, ಆದರೆ ಕಾಗದ ಇಲ್ಲದೆ ನಾನು ಗರಗಸ ಮುಟ್ಟುವುದಿಲ್ಲ ಎಂದೂ ಅವರೇ ಹೇಳಿದರು. ಆಗ ತಾನೇ ವಕೀಲಿಕೆ ಶುರುಮಾಡಿದ್ದ ನಾನು 6ನೆಯ ಕಲಮನ್ನು ಮೂರು ಸಲ ಓದಿದೆ. ಎರಡು ಇಂಚಿಗೆ ರಿಯಾಯಿತಿ ಅದರಲ್ಲಿ ಇರಲಿಲ್ಲ. ಅರ್ಜಿ ಹಾಕೋಣವೇ ಎಂದು ಅಪ್ಪನನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಆ ತಗ್ಗಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಿದ್ದು, ‘ಬೇಡ ಬಿಡು, ಹಂದಿಗೆ ಪಟಾಕಿ ಸಾಕು’ ಎಂದರು. ಈಗಲೂ ಚುನಾವಣೆ ಬಂದಾಗ ಕೋವಿಯನ್ನು ಗೋಣಿತಾಟಿನಲ್ಲಿ ಸುತ್ತಿ ಠಾಣೆಗೆ ಒಯ್ಯುತ್ತೇವೆ. ಬರೆದುಕೊಳ್ಳುವ ಪೊಲೀಸರು ನಂಬರು ನೋಡಿ, ಟೇಪು ಹಿಡಿದು, ನಳಿಗೆ ಮೂವತ್ತು ಇಂಚು ಎಂದು ರಸೀದಿಯಲ್ಲಿ ಬರೆಯುತ್ತಾರೆ.